ಹೊರಗಿನ ಅಡಿಕೆ ಬಂದರೆ ನಮ್ಮ ಗತಿ ಏನು?

ಪ್ರಶ್ನೆ: ಕಾಸರಗೋಡಿನ ಬದಿಯಡ್ಕದ ಹತ್ತಿರ ನನಗೆ ಎರಡು ಎಕರೆ ಅಡಿಕೆ ತೋಟ ಇದೆ. ಹೊರದೇಶದ ಅಡಿಕೆ ಬಂತು ಎಂಬ ಸುದ್ದಿ ಕೇಳಿದರೆ ಸಾಕು, ಚಾಲಿಯ (ಒಣಗಿಸಿ ಸುಲಿದ ಅಡಿಕೆಯ) ದರ ಇಳಿಯುತ್ತದೆ. ನೀವು ನೋಡಿದರೆ ಮುಕ್ತ ವ್ಯಾಪಾರವೇ ಒಳ್ಳೆಯದು, ಸರ್ಕಾರ ಕೈ ಹಾಕಬಾರದು ಎನ್ನುತ್ತೀರಿ. ನಾವು ಎಲ್ಲಿಗೆ ಹೋಗಬೇಕು?

ಉತ್ತರ: ನಿಮ್ಮ ಹೆದರಿಕೆ ಸುಳ್ಳಲ್ಲ. ಆದರೆ ಸರ್ಕಾರ ಕೈ ಹಾಕಿಲ್ಲ ಅಂದುಕೊಳ್ಳಬೇಡಿ, ಮೊಣಕೈವರೆಗೆ ಹಾಕಿದೆ. ಅಡಿಕೆಗೆ ನೂರಕ್ಕೆ ನೂರು ಆಮದು ಸುಂಕ ಇದೆ. ಜೊತೆಗೆ ಕನಿಷ್ಠ ಆಮದು ಬೆಲೆ, ಅಂದರೆ ಅದಕ್ಕಿಂತ ಕಡಿಮೆ ಬೆಲೆಯ ಅಡಿಕೆ ತರಿಸುವಂತಿಲ್ಲ. 2023ರ ಫೆಬ್ರವರಿಯಲ್ಲಿ ಅದನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು.

ಇಷ್ಟಾದರೂ ಹೊರಗಿನ ಅಡಿಕೆ ಬರುತ್ತಿದೆ, ಅಲ್ವಾ? ಬೇಲಿ ಎತ್ತರವಾದಷ್ಟೂ ಹಾರಿ ಬಂದವನಿಗೆ ಲಾಭ ಜಾಸ್ತಿ. ಶ್ರೀಲಂಕಾದ ಜೊತೆಗಿನ ಒಪ್ಪಂದ 2000ದಲ್ಲಿ ಜಾರಿಗೆ ಬಂತು, ಅಲ್ಲಿನ ಮಾಲಿಗೆ ಸುಂಕದಲ್ಲಿ ರಿಯಾಯಿತಿ ಸಿಕ್ಕಿತು. ಆಮೇಲೆ ಬೇರೆ ದೇಶದ ಅಡಿಕೆಗೂ ಶ್ರೀಲಂಕಾದ ಕಾಗದ ಹುಟ್ಟಿಕೊಂಡಿತು. ಕನಿಷ್ಠ ಬೆಲೆ ದಾಟಲು ಬಿಲ್ಲಿನಲ್ಲಿ ಬೆಲೆ ಏರಿಸಿ ಬರೆದರೂ ಕೆಲಸ ಆಗುತ್ತದೆ. ಬೆಳೆ ಬೆಳೆಯುವವನಿಗಿಂತ ಕಾಗದ ಬರೆಯುವವನಿಗೆ ದುಡ್ಡು!

ಇನ್ನು ನಿಮ್ಮ ತೋಟವನ್ನೇ ನೋಡಿ. ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಕೊಟ್ಟ ಮಂಗಳ ತಳಿಯ ಮೂಲ ಚೀನಾ. ಸುಮಂಗಳದ ಮೂಲ ಇಂಡೋನೇಷ್ಯಾ. ಗೊಬ್ಬರದ ಪೊಟ್ಯಾಷ್ ಹೆಚ್ಚುಕಡಿಮೆ ಪೂರಾ ಹಡಗಿನಲ್ಲೇ ಬರುವುದು. ಇವು ಬರುವಾಗ ನಾವು ಯಾರೂ ಬೇಲಿ ಹಾಕಿ ಅನ್ನಲಿಲ್ಲ.

ಮತ್ತೊಂದು ಮಾತು, ಸ್ವಲ್ಪ ಚುಚ್ಚಬಹುದು. ನಿಮ್ಮ ಅಡಿಕೆ ಮಂಗಳೂರಿಗೆ ಹೋಗುತ್ತದೆ. 1956ರ ನವೆಂಬರ್‌ನಲ್ಲಿ ರಾಜ್ಯಗಳ ನಡುವೆ ಎಳೆದ ಗೆರೆಯ ಈಚೆಗೆ, ಕೇರಳದಲ್ಲಿ, ನಾವಿದ್ದೇವೆ. 'ಕಾಸರಗೋಡಿನದ್ದು ಕೇರಳದ ಅಡಿಕೆ, ಗಡಿಯ ತಲಪಾಡಿಯಲ್ಲೇ ತಡೆಯಿರಿ, ನಮ್ಮ ದರ ಬೀಳುತ್ತದೆ' ಎಂದು ಪುತ್ತೂರಿನವರು ಕೇಳಿದ್ದರೆ? ನೀವು ಇಂದು ಕೇಳುತ್ತಿರುವುದೂ ಅದನ್ನೇ, ಗೆರೆ ಮಾತ್ರ ಬೇರೆ. ತೆರಿಗೆ ಚೆಕ್‌ಪೋಸ್ಟಿನಲ್ಲಿ ಲಾರಿಗಳು ಕಾಯುತ್ತಿದ್ದುದು ನೆನಪಿರಬಹುದು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಅದು ಹೋಯಿತು. ಯಾರೂ ಅತ್ತಿಲ್ಲ.

ಹಾಗಂತ ನಾಳೆಯೇ ಸುಂಕ ಕಿತ್ತುಹಾಕಿ ಅಂತ ನಾನು ಹೇಳುವುದಿಲ್ಲ. ಒಂದೇ ದಿನ ಕಿತ್ತರೆ ಮೊದಲು ಬೀಳುವವರು ಎರಡು ಎಕರೆಯವರೇ. ವರ್ಷ ವರ್ಷ ಸ್ವಲ್ಪ ಸ್ವಲ್ಪ ಇಳಿಸಬೇಕು, ಎಷ್ಟು ಎಂದು ಮೊದಲೇ ಹೇಳಬೇಕು. ರಾತ್ರೋರಾತ್ರಿ ನಿಯಮ ಬದಲಾಗುವುದೇ ರೈತನಿಗೆ ದೊಡ್ಡ ಪೆಟ್ಟು. ಸರ್ಕಾರಕ್ಕೆ ಬೇರೆ ಕೆಲಸ ಬೇಕಾದಷ್ಟಿದೆ: ಸುಳ್ಳು ಕಾಗದ ಹಿಡಿಯುವುದು, ಕೊಳೆರೋಗಕ್ಕೆ ಮದ್ದು ಹುಡುಕುವುದು.

ದರ ಬಿದ್ದಾಗ ಏನು ಮಾಡಬೇಕು ಅಂದರೆ, ಹಿಂದಿನವರು ಮಾಡಿದ್ದು ಇದೆ. 1970ರ ಸುಮಾರಿಗೆ ದರ ಕುಸಿದಾಗ ಎರಡೂ ರಾಜ್ಯದ ಬೆಳೆಗಾರರು ಸೇರಿ 1973ರಲ್ಲಿ ತಮ್ಮದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕಟ್ಟಿದರು. ಸರ್ಕಾರದ ನೆರವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವರು ಬೇಲಿ ಕಟ್ಟಲಿಲ್ಲ, ಮಾರುಕಟ್ಟೆಗಿಳಿದು ಖರೀದಿ ಮಾಡಿದರು. ಆಮೇಲೆ ಕೊಕ್ಕೊ ಕೊಂಡು ಚಾಕಲೇಟೂ ಮಾಡಿದರು. ನಿಮ್ಮ ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದೀರಾ? ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಶುರು ಮಾಡಿ. ಚಾಲಿಯನ್ನೂ ಒಂದೇ ಸಲ ಪೂರಾ ಮಾರಬೇಡಿ.