ಕೇಳಿ ಹೊರಡಿ: ಆಲ್ಪ್ಸ್ ಘಾಟಿಯ ಗಡಿಗಳಲ್ಲಿ ಕಾರು

ಪ್ರಶ್ನೆ: ಕೆಲಸದ ನಿಮಿತ್ತ ಮ್ಯೂನಿಕ್‌ನಲ್ಲಿದ್ದೇವೆ. ಸೆಪ್ಟೆಂಬರಿನಲ್ಲಿ ದಾವಣಗೆರೆಯಿಂದ ಅಪ್ಪ ಅಮ್ಮ ಬರುತ್ತಾರೆ. ಬ್ರೆನ್ನರ್ ಹೆದ್ದಾರಿಯ ಗದ್ದಲ ಬೇಡ, ಸ್ಟಾಲರ್ ಸಾಟೆಲ್ ಪಾಸ್ (ಬೆಟ್ಟ ದಾಟುವ ಘಾಟಿ) ಮೂಲಕ ಇಟಲಿಯ ಡೊಲೊಮೈಟ್ಸ್ ಬೆಟ್ಟಗಳಿಗೆ ಹೋಗೋಣ ಅಂದುಕೊಂಡಿದ್ದೇವೆ. ಅಲ್ಲಿ ಗಂಟೆಯಲ್ಲಿ ಸ್ವಲ್ಪ ಹೊತ್ತು ಮಾತ್ರ ಗಾಡಿ ಬಿಡುತ್ತಾರಂತೆ, ನಿಜವೇ? ಗಡಿಯಲ್ಲಿ ತಪಾಸಣೆ ಇರುತ್ತದೆಯೇ?

ಉತ್ತರ: ನಿಜ. ಸ್ಟಾಲರ್ ಸಾಟೆಲ್ 2,052 ಮೀಟರ್ ಎತ್ತರದಲ್ಲಿದೆ. ಆಸ್ಟ್ರಿಯಾದ ಕಡೆ, ಡೆಫೆರೆಗ್ಗೆನ್ ಕಣಿವೆಯಿಂದ ಏರುವ ರಸ್ತೆಯಲ್ಲಿ ಎರಡು ವಾಹನ ಸಲೀಸಾಗಿ ಸಾಗುತ್ತವೆ. ಗಡಿ ದಾಟಿದ ಮೇಲೆ ಆಂಟ್‌ಹೋಲ್ಟ್ಸ್ ಸರೋವರದವರೆಗೆ ನಾಲ್ಕೈದು ಕಿ.ಮೀ. ರಸ್ತೆ ಒಂದೇ ಗಾಡಿಯ ಅಗಲ. ಹಾಗಾಗಿ ಸಿಗ್ನಲ್ ಇಟ್ಟು ಪಾಳಿಯ ಮೇಲೆ ಬಿಡುತ್ತಾರೆ. ಆಸ್ಟ್ರಿಯಾದಿಂದ ಇಳಿಯುವವರಿಗೆ ಪ್ರತಿ ಗಂಟೆಯ ಮೊದಲ 15 ನಿಮಿಷ, ಇಟಲಿಯಿಂದ ಏರುವವರಿಗೆ 30ನೇ ನಿಮಿಷದಿಂದ 45ರವರೆಗೆ. ನೀವು 10.16ಕ್ಕೆ ತಲುಪಿದರೆ 11 ಗಂಟೆವರೆಗೆ ಕಾಯಬೇಕು. ಮೇಲೆಯೇ ಓಬರ್‌ಸೇ ಎಂಬ ಪುಟ್ಟ ಕೆರೆಯಿದೆ, ಅಪ್ಪ ಅಮ್ಮನಿಗೆ ಬೇಜಾರಾಗಲಾರದು. ಆದರೂ ಸಂಕ್ಟ್ ಯಾಕೋಬ್ ಊರಿನಿಂದ ಮೇಲಕ್ಕೆ ಅರ್ಧ ಗಂಟೆ ಹಿಡಿದು, ಗಂಟೆ ಹೊಡೆಯಲು ಐದು ನಿಮಿಷವಿರುವಾಗ ಸಿಗ್ನಲ್ ಮುಂದೆ ನಿಲ್ಲುವಂತೆ ಹೊರಡಿ.

ಇಲ್ಲಿ ಜನ ಮಾಡುವ ತಪ್ಪು ಎರಡು. ಹದಿನಾಲ್ಕನೇ ನಿಮಿಷದಲ್ಲಿ ಹಸಿರು ಸಿಕ್ಕಿತೆಂದು ಗಾಬರಿಯಲ್ಲಿ ಓಡಿಸುವುದು ಮೊದಲನೆಯದು. ಅದರ ಅಗತ್ಯವೇ ಇಲ್ಲ. ಕೊನೆಯ ಗಾಡಿ ನಿಧಾನವಾಗಿ ಇಳಿದು ಮುಗಿಸಲಿ ಅಂತಲೇ ಮುಂದಿನ 15 ನಿಮಿಷ ಎರಡೂ ಕಡೆ ಕೆಂಪು ಇಟ್ಟಿರುತ್ತಾರೆ. ಎರಡನೆಯದು ಇದಕ್ಕಿಂತ ಕೆಟ್ಟದ್ದು: ನಡುದಾರಿಯಲ್ಲಿ ಫೋಟೊಗೆಂದು ನಿಲ್ಲಿಸಿ ಮೈಮರೆಯುವುದು. ಅಷ್ಟರಲ್ಲಿ ಕೆಳಗಿನವರಿಗೆ ಹಸಿರು ಬಿದ್ದು, ಒಂದು ಸಾಲು ಕಾರುಗಳು ತಿರುವಿನಲ್ಲಿ ಎದುರಾಗುತ್ತವೆ. ಆಮೇಲೆ ಯಾರಾದರೂ ರಿವರ್ಸ್ ಹೋಗಲೇಬೇಕು. ಫೋಟೊ ಏನಿದ್ದರೂ ಮೇಲಿನ ಕೆರೆಯ ಹತ್ತಿರ, ಇಲ್ಲವೇ ಕೆಳಗಿನ ಸರೋವರದ ದಂಡೆಯಲ್ಲಿ. ಕಾರವಾನ್ ಎಳೆದುಕೊಂಡು ಹೋಗುವ ದಾರಿ ಇದಲ್ಲ.

ದಾರಿ ಹೀಗೆ ಹಿಡಿಯಿರಿ: ಕುಫ್‌ಸ್ಟೈನ್, ಕಿಟ್ಸ್‌ಬ್ಯೂಲ್, ಮಿಟರ್‌ಸಿಲ್, ಫೆಲ್ಬರ್‌ಟೌಅರ್ನ್ ಸುರಂಗ, ಹೂಬನ್, ಅಲ್ಲಿಂದ ಬಲಕ್ಕೆ ಡೆಫೆರೆಗ್ಗೆನ್ ಕಣಿವೆ. ಜರ್ಮನ್ ಗಡಿಯಿಂದ ಕುಫ್‌ಸ್ಟೈನ್ ಸ್ಯೂಡ್ ನಿರ್ಗಮನದವರೆಗೆ 2019ರ ಡಿಸೆಂಬರಿನಿಂದ ವಿನ್ಯೆಟ್ (ಹೆದ್ದಾರಿ ಬಳಸಲು ಮುಂಚೆಯೇ ಕೊಳ್ಳುವ ಚೀಟಿ) ಬೇಡ. ಅಲ್ಲೇ ಹೆದ್ದಾರಿ ಬಿಟ್ಟರೆ ಮುಂದಿನದೆಲ್ಲ ಸಾಮಾನ್ಯ ರಸ್ತೆ, ಹಾಗಾಗಿ ವಿನ್ಯೆಟ್ ಖರ್ಚೇ ಇಲ್ಲ. ಫೆಲ್ಬರ್‌ಟೌಅರ್ನ್ ಸುರಂಗದ ಟೋಲ್ ಮಾತ್ರ ಬೇರೆ. ವಿನ್ಯೆಟ್ ಇದ್ದವರೂ ಅದನ್ನು ಕಟ್ಟಲೇಬೇಕು.

ತಪಾಸಣೆಯ ವಿಷಯ. ಆಸ್ಟ್ರಿಯಾ, ಇಟಲಿ ಎರಡೂ ಷೆಂಗೆನ್ (ತಮ್ಮ ನಡುವೆ ಮಾಮೂಲಿ ಗಡಿ ತಪಾಸಣೆ ಬಿಟ್ಟ ಯುರೋಪಿನ ಗುಂಪು) ದೇಶಗಳು, ಸಾಮಾನ್ಯವಾಗಿ ಮೇಲೆ ಯಾರೂ ತಡೆಯುವುದಿಲ್ಲ. ಹಾಗೆಂದು ಪಾಸ್‌ಪೋರ್ಟ್ ಮನೆಯಲ್ಲಿ ಬಿಡಬೇಡಿ. ಗಡಿ ದಾಟಿದ ಮೇಲೆ ಕಣಿವೆಯಲ್ಲಿ ಎಲ್ಲಿ ಬೇಕಾದರೂ ಪೊಲೀಸರು ಕೇಳಬಹುದು, ಫೋನಿನಲ್ಲಿರುವ ಫೋಟೊ ಲೆಕ್ಕಕ್ಕಿಲ್ಲ. ಅಪ್ಪ ಅಮ್ಮನ ವೀಸಾ ಇರುವ ಮೂಲ ಪಾಸ್‌ಪೋರ್ಟ್, ನಿಮ್ಮ ಪಾಸ್‌ಪೋರ್ಟ್ ಮತ್ತು ಜರ್ಮನ್ ರೆಸಿಡೆನ್ಸ್ ಕಾರ್ಡ್ ಕೈಗೆ ಸಿಗುವಂತಿರಲಿ. ನಿಜವಾಗಿ ಕೇಳುವುದು ವಾಪಸ್ ಬರುವಾಗ. ಜರ್ಮನಿ 2015ರಿಂದಲೇ ಆಸ್ಟ್ರಿಯಾ ಗಡಿಯಲ್ಲಿ ತಪಾಸಣೆ ಮಾಡುತ್ತಿದೆ, 2024ರ ಸೆಪ್ಟೆಂಬರಿನಲ್ಲಿ ಅದನ್ನು ತನ್ನ ಎಲ್ಲ ಭೂಗಡಿಗಳಿಗೂ ವಿಸ್ತರಿಸಿತು. ಭಾನುವಾರ ಸಂಜೆ ಕೀಫರ್ಸ್‌ಫೆಲ್ಡನ್ ಬಳಿ ಸಾಲು ಉದ್ದವಿರುತ್ತದೆ.

ಚಳಿಗಾಲದಲ್ಲಿ ಈ ಪಾಸ್ ಮುಚ್ಚಿರುತ್ತದೆ, ಬೇಸಿಗೆಯಲ್ಲೂ ರಾತ್ರಿ ಬಿಡುವುದಿಲ್ಲ. ಸೆಪ್ಟೆಂಬರಿನಲ್ಲೂ ಒಂದು ರಾತ್ರಿ ಹಿಮ ಬಿದ್ದರೆ ಬಾಗಿಲು ಹಾಕಿಬಿಡಬಹುದು. ಕಣಿವೆಯ ಬಾಯಲ್ಲೇ ಫಲಕವಿರುತ್ತದೆ. ‘ಆಫನ್’, ‘ಅಪೆರ್ತೊ’ ಅಂದರೆ ತೆರೆದಿದೆ. ‘ಗೆಶ್ಲೊಸ್ಸನ್’, ‘ಗೆಷ್ಪೆರ್ಟ್’, ‘ಕ್ಯೂಸೊ’ ಅಂದರೆ ಮುಚ್ಚಿದೆ. ಜಿಪಿಎಸ್ ಏನೇ ಹೇಳಲಿ, ಫಲಕದ ಮಾತೇ ಕೊನೆ. ಮುಚ್ಚಿದ್ದರೆ ಹೂಬನ್‌ನಿಂದ ಲೀನ್ಸ್‌ಗೆ ಇಳಿದು ಸಿಲ್ಲಿಯಾನ್ ಮೂಲಕ ಇಟಲಿಯ ಪುಸ್ಟರ್ ಕಣಿವೆ ಸೇರಿ. ಅದು ಕಣಿವೆಯ ತಳದಲ್ಲೇ ಸಾಗುವ ರಸ್ತೆ, ವರ್ಷವಿಡೀ ತೆರೆದಿರುತ್ತದೆ.

ಪ್ರಶ್ನೆ: ಆಗುಂಬೆ, ಚಾರ್ಮಾಡಿ ಎಲ್ಲ ಓಡಿಸಿ ರೂಢಿಯಿದೆ. ಆದರೆ ಅಲ್ಲಿ ಬಾಡಿಗೆಗೆ ಸಿಗುವುದು ಆಟೋಮ್ಯಾಟಿಕ್ ಕಾರು. ಇಳಿಜಾರಿನಲ್ಲಿ ಬ್ರೇಕ್ ಸುಟ್ಟ ವಾಸನೆ ಬಂದರೆ ಏನು ಮಾಡಬೇಕು? — ಮೈಸೂರು

ಉತ್ತರ: ಲೆಕ್ಕ ನೋಡಿ. 1,600 ಕೆ.ಜಿ. ತೂಕದ ಕಾರು 400 ಮೀಟರ್ ಕೆಳಗಿಳಿದರೆ ಹೊರಬೀಳುವ ಶಕ್ತಿ ಸುಮಾರು 20 ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಅದನ್ನೆಲ್ಲ ಬ್ರೇಕಿನ ತಲೆಗೆ ಕಟ್ಟಿದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಇನ್ನೂ ಕಾದರೆ ಬ್ರೇಕ್ ಆಯಿಲ್ ಕುದಿಯುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ತಡೆಯಬೇಕು, ತೇವ ಹೀರಿದ ಹಳೆಯದಕ್ಕೆ ಮಾನದಂಡ 155 ಡಿಗ್ರಿ ಅಷ್ಟೇ. ಕುದಿದಾಗ ಪೈಪಿನಲ್ಲಿ ಆವಿ ತುಂಬಿ ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ.

ನಿಮ್ಮ ಘಾಟಿಯ ಪಾಠವೇ ಇಲ್ಲೂ ನಡೆಯುತ್ತದೆ: ಹತ್ತಿದ ಗೇರಿನಲ್ಲೇ ಇಳಿಯಬೇಕು. ಆಟೋಮ್ಯಾಟಿಕ್‌ನಲ್ಲಿ ‘ಡಿ’ಯಲ್ಲಿ ಬಿಟ್ಟರೆ ಗಾಡಿ ಮೇಲಿನ ಗೇರಿಗೆ ಜಾರಿಕೊಳ್ಳುತ್ತದೆ. ಸ್ಟಿಯರಿಂಗ್ ಹಿಂದಿನ ‘ಮೈನಸ್’ ಪ್ಯಾಡಲ್, ಅದಿಲ್ಲದಿದ್ದರೆ ಗೇರ್ ಲಿವರ್‌ನ ‘ಎಂ’, ‘ಎಲ್’ ಅಥವಾ ‘ಬಿ’ ಬಳಸಿ ಎರಡನೇ ಗೇರಿನಲ್ಲಿ ಹಿಡಿದಿಡಿ. ಇದನ್ನು ಬಾಡಿಗೆ ಅಂಗಡಿಯ ಅಂಗಳದಲ್ಲೇ ನೋಡಿಕೊಳ್ಳಿ, ಪಾಸ್ ಮೇಲಲ್ಲ. ಬ್ರೇಕನ್ನು ಉದ್ದಕ್ಕೂ ಒತ್ತಿಹಿಡಿಯದೆ, ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಿ. ವಾಸನೆ ಬಂತೆಂದರೆ ರಸ್ತೆಯ ಪಕ್ಕದ ತಾಣದಲ್ಲಿ ನಿಲ್ಲಿಸಿ, ‘ಪಿ’ಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಇಪ್ಪತ್ತು ನಿಮಿಷ ಗಾಳಿಗೆ ಬಿಡಿ. ನೀರು ಮಾತ್ರ ಸುರಿಯಬೇಡಿ. ಕಾದ ಡಿಸ್ಕ್ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.

ಬೇರೆ ಆಗುವುದು ಬಲಬದಿಯ ಸಂಚಾರ. ಸಿಗ್ನಲ್ ಇಲ್ಲದ ಕಡಿದಾದ ರಸ್ತೆಯಲ್ಲಿ ಎದುರುಬದುರಾದರೆ ಸಾಮಾನ್ಯವಾಗಿ ಇಳಿಯುವವರು ನಿಂತು, ಏರುವವರಿಗೆ ದಾರಿ ಬಿಡಬೇಕು. ಅಲ್ಲಿ ಇಂಡಿಕೇಟರ್ ಕಡ್ಡಿ ಎಡಗೈಗೆ. ಮಾರುತಿ, ಹ್ಯುಂಡೈ ರೂಢಿಯವರು ಮೊದಲ ದಿನ ಪ್ರತಿ ತಿರುವಿಗೂ ವೈಪರ್ ಓಡಿಸುತ್ತಾರೆ.

ಪ್ರಶ್ನೆ: ಇನ್ಸ್‌ಬ್ರುಕ್‌ನಲ್ಲಿ ಕಾರು ಬಾಡಿಗೆಗೆ ತೆಗೆದುಕೊಂಡು ಇಟಲಿಗೆ ಹೋಗುತ್ತೇವೆ. ನಮ್ಮ ಲೈಸೆನ್ಸ್ ಸಾಕೇ? ಜೊತೆಗೆ 140 ಸೆಂ.ಮೀ. ಎತ್ತರದ ಮಗಳಿದ್ದಾಳೆ. — ಹುಬ್ಬಳ್ಳಿ

ಉತ್ತರ: ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ, ಫಾರಂ 4ಎ, 1,000 ರೂ. ಶುಲ್ಕ, ಪಾಸ್‌ಪೋರ್ಟ್ ಪ್ರತಿ. ಕೊಡುವುದು ಆರ್‌ಟಿಓ, ಅವಧಿ ಒಂದು ವರ್ಷ. ಅಂತರ್ಜಾಲದಲ್ಲಿ ‘ಹತ್ತು ವರ್ಷದ ಅಂತರರಾಷ್ಟ್ರೀಯ ಲೈಸೆನ್ಸ್’ ಮಾರುವವರ ಕಾಗದಕ್ಕೆ ಬೆಲೆಯಿಲ್ಲ. ಪರ್ಮಿಟ್ ಒಂದೇ ಇದ್ದರೂ ಸಾಲದು, ಮೂಲ ಲೈಸೆನ್ಸ್ ಕಾರ್ಡ್ ಜೊತೆಗಿರಬೇಕು.

ಇಟಲಿಗೆ ಒಯ್ಯುವುದನ್ನು ಬುಕಿಂಗ್ ವೇಳೆಯಲ್ಲೇ ಹೇಳಿ, ಒಪ್ಪಂದದ ಪತ್ರದಲ್ಲಿ ಬರೆಸಿಕೊಳ್ಳಿ. ಕೆಲವರು ಇದಕ್ಕೆ ಹೆಚ್ಚುವರಿ ಹಣ ಕೇಳುತ್ತಾರೆ. ಹೇಳದೆ ದಾಟಿ ಅಪಘಾತವಾದರೆ ವಿಮೆ ಕೈಕೊಡಬಹುದು.

ಮಗಳಿಗೆ ಆಸ್ಟ್ರಿಯಾದಲ್ಲಿ ಮಕ್ಕಳ ಸೀಟು ಬೇಡ, ಅಲ್ಲಿನ ಮಿತಿ 135 ಸೆಂ.ಮೀ. ಇಟಲಿಯಲ್ಲಿ ಮಿತಿ 150, ಹಾಗಾಗಿ ಗಡಿ ದಾಟಿದ ಕೂಡಲೇ ಬೂಸ್ಟರ್ (ಮಗುವನ್ನು ಎತ್ತರಿಸುವ ಸೀಟು) ಬೇಕೇ ಬೇಕು. ಮೊದಲಿನಿಂದಲೂ ಹಾಕಿಬಿಡಿ. ಇಟಲಿಯಲ್ಲಿ ಊರ ಹೊರಗೆ ಹಗಲಲ್ಲೂ ಹೆಡ್‌ಲೈಟ್ ಹಾಕಿರಬೇಕು. ಪ್ರತಿಫಲಕ ಜಾಕೆಟ್ ಡಿಕ್ಕಿಯಲ್ಲಲ್ಲ, ಚಾಲಕರ ಕೈಗೆ ಎಟಕುವಲ್ಲಿರಲಿ.

ಪೆಟ್ರೋಲ್ ಬಂಕಿನಲ್ಲಿ ಒಂದು ಹುಷಾರು: ಇಟಲಿಯಲ್ಲಿ ‘ಗಾಸೋಲಿಯೊ’ ಅಂದರೆ ಡೀಸೆಲ್. ಗ್ಯಾಸೋಲಿನ್ ಇರಬೇಕೆಂದು ಪೆಟ್ರೋಲ್ ಕಾರಿಗೆ ಹಾಕಿದರೆ ಪ್ರವಾಸ ಗ್ಯಾರೇಜಿನಲ್ಲಿ. ಪೆಟ್ರೋಲಿಗೆ ‘ಬೆನ್ಜೀನ’ ಎಂದಿರುತ್ತದೆ.

ಪ್ರಶ್ನೆ: ಫ್ರಾನ್ಸಿನ ಟುಲೂಸ್‌ನಿಂದ ಒಂದು ದಿನಕ್ಕೆ ಅಂಡೋರಾಗೆ ಹೋಗಿಬರಬಹುದೇ? ಸಿಂಗಲ್ ಎಂಟ್ರಿ ಷೆಂಗೆನ್ ವೀಸಾ ಇದೆ. — ಮಂಗಳೂರು

ಉತ್ತರ: ಬೇಡ. ಪಿರಿನೀಸ್ ಪರ್ವತದ ನಡುವಿನ ಅಂಡೋರಾ ಷೆಂಗೆನ್‌ಗೆ ಸೇರಿಲ್ಲ. ಪಾಸ್ ದ ಲಾ ಕಾಸ ಊರಿನ ಬಳಿ ಗಡಿ ದಾಟಿದಿರೆಂದರೆ ನೀವು ಷೆಂಗೆನ್‌ನಿಂದ ಹೊರಗೆ ಹೋದಂತೆ. ಮರಳಲು ಮತ್ತೊಂದು ಎಂಟ್ರಿ ಬೇಕು, ಅದು ನಿಮ್ಮಲ್ಲಿಲ್ಲ. ಅಂಡೋರಾಗೆ ವಿಮಾನ ನಿಲ್ದಾಣವೂ ಇಲ್ಲ, ಹೊರಬರಲು ಫ್ರಾನ್ಸ್ ಅಥವಾ ಸ್ಪೇನೇ ಗತಿ. ಗಡಿಯಲ್ಲಿ ನೋಡುವುದು ಸಿಗರೇಟು, ಮದ್ಯ ಮಾತ್ರ, ಪಾಸ್‌ಪೋರ್ಟ್ ಕೇಳುವುದಿಲ್ಲ ಎನ್ನುವವರ ಮಾತು ನಂಬಿ ಹೋಗಬೇಡಿ. ಕೇಳಿದ ದಿನ ಉತ್ತರ ಇರುವುದಿಲ್ಲ. ಮುಂದಿನ ಸಲ ಮಲ್ಟಿಪಲ್ ಎಂಟ್ರಿಗೆ ಅರ್ಜಿ ಹಾಕಿ. ನವೆಂಬರ್ 1ರಿಂದ ಮಾರ್ಚ್ 31ರೊಳಗೆ ಹೋಗುವುದಾದರೆ ಫ್ರಾನ್ಸಿನ ಕಡೆಯ ಬೆಟ್ಟದ ರಸ್ತೆಗಳಲ್ಲಿ, ಮೂರು ಶಿಖರದ ನಡುವೆ ಹಿಮದ ಹರಳಿನ ಗುರುತಿರುವ ಟೈರು ಇಲ್ಲವೇ ಚಕ್ರಕ್ಕೆ ಸುತ್ತುವ ಚೈನು ಕಡ್ಡಾಯ.

ಪ್ರಶ್ನೆ: ಮಿಲಾನ್‌ನಲ್ಲಿದ್ದೇವೆ. ಸ್ಪ್ಲ್ಯೂಗೆನ್ ಪಾಸ್ ಮೇಲೆ ಸ್ವಿಟ್ಜರ್ಲೆಂಡಿನ ಗೆಳೆಯರ ಮನೆಗೆ ದಿನಸಿ ಒಯ್ಯಬಹುದೇ?

ಉತ್ತರ: ಒಯ್ಯಿರಿ, ಮಿತಿಯೊಳಗೆ. ಸ್ವಿಟ್ಜರ್ಲೆಂಡ್ ಷೆಂಗೆನ್‌ನಲ್ಲಿದ್ದರೂ ಐರೋಪ್ಯ ಒಕ್ಕೂಟದ ಸುಂಕ ವ್ಯವಸ್ಥೆಯಲ್ಲಿಲ್ಲ. 2025ರ ಜನವರಿಯಿಂದ ತಲೆಗೆ 150 ಫ್ರಾಂಕ್‌ವರೆಗಿನ ಸಾಮಾನಿಗೆ ತೆರಿಗೆಯಿಲ್ಲ (ಮೊದಲು 300 ಇತ್ತು). ಮಾಂಸ ತಲೆಗೆ 1 ಕೆ.ಜಿ., ಬೆಣ್ಣೆ ಮತ್ತು ಕ್ರೀಮ್ ಸೇರಿ 1 ಕೆ.ಜಿ., ವೈನ್ 5 ಲೀಟರ್. ಚೌಕಿಯಲ್ಲಿ ಯಾರೂ ಇಲ್ಲದಿದ್ದರೆ, ಮಿತಿ ಮೀರಿದ್ದನ್ನು ದಾಟುವ ಮುನ್ನವೇ ಸ್ವಿಸ್ ಸುಂಕ ಇಲಾಖೆಯ ಕ್ವಿಕ್‌ಜೋಲ್ ಆ್ಯಪ್‌ನಲ್ಲಿ ಘೋಷಿಸಿ ಹಣ ಕಟ್ಟಿ.

ಪಾಸ್ ರಸ್ತೆಗೆ ವಿನ್ಯೆಟ್ ಬೇಡ. ಸ್ಪ್ಲ್ಯೂಗೆನ್ ಊರಿನಲ್ಲಿ ಎ13 ಹೆದ್ದಾರಿ ಹತ್ತಿದರೆ ಬೇಕು: 40 ಫ್ರಾಂಕ್, ಇಡೀ ವರ್ಷದ್ದು, ಒಂದು ದಿನದ್ದು ಸಿಗುವುದಿಲ್ಲ. ಹತ್ತುವುದು ಬೇಡವಾದರೆ ವಿಯಾಮಾಲಾ ಕಮರಿಯ ಹಳೆಯ ರಸ್ತೆಯಲ್ಲಿ ಟೂಸಿಸ್‌ವರೆಗೆ ಹೋಗಿ. ಇಟಲಿಯ ಸಿಮ್ ಅಲ್ಲಿ ಒಕ್ಕೂಟದ ರೋಮಿಂಗ್ ನಿಯಮಕ್ಕೆ ಒಳಪಡುವುದಿಲ್ಲ. ಇಟಲಿಯ ಕ್ಯಾವೆನ್ನಾ ಊರು ಬಿಡುವ ಮುಂಚೆ ನಕ್ಷೆ ಡೌನ್‌ಲೋಡ್ ಮಾಡಿಕೊಂಡು ಡೇಟಾ ರೋಮಿಂಗ್ ಆರಿಸಿಬಿಡಿ.