ಬೇಸ್ ಗಿಟಾರ್ ಎಲ್ಲಿ ಹೋಯ್ತು? ಓದುಗರ ಪ್ರಶ್ನೆ, ಮೆಟಲ್ ಅಭಿಮಾನಿಯ ಉತ್ತರ

ಪ್ರಶ್ನೆ: ಹೆವಿ ಮೆಟಲ್ ನನಗೆ ಬರೀ ಗಲಾಟೆಯಂತೆ ಕೇಳಿಸುತ್ತದೆ. ಆದರೂ ಒಮ್ಮೆ ಪ್ರಯತ್ನಿಸುವ ಆಸೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಂನಿಂದ. 1970ರದ್ದು. ಮಳೆ, ಗುಡುಗು, ಎಲ್ಲೋ ದೂರದಲ್ಲಿ ಗಂಟೆ, ಆಮೇಲೆ ಗಿಟಾರ್‌ನಲ್ಲಿ ಮೂರೇ ಸ್ವರ. ಅಷ್ಟು ನಿಧಾನ, ಅಷ್ಟು ಭಾರ. ಆ ಆಲ್ಬಂ ಅನ್ನು ತಂಡದವರು ಒಟ್ಟಿಗೆ ನಿಂತು ಒಂದೇ ದಿನದಲ್ಲಿ ನುಡಿಸಿ ಮುಗಿಸಿದ್ದರು. ನಾಲ್ವರೂ ಒಬ್ಬರ ಉಸಿರು ಇನ್ನೊಬ್ಬರು ಕೇಳಿಸಿಕೊಂಡು ನುಡಿಸಿದ್ದು ಇವತ್ತಿಗೂ ಗೊತ್ತಾಗುತ್ತದೆ.

ಗಿಟಾರ್ ನುಡಿಸಿದ ಟೋನಿ ಐಯೋಮಿಯವರ ಕಥೆ ಗೊತ್ತಾ? 17ನೇ ವಯಸ್ಸಿನಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ತುಂಡಾಯಿತು. ಅವರು ಎಡಗೈಯವರು, ಹಾಗಾಗಿ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು, ಅದರ ಮೇಲೆ ಚರ್ಮ ಅಂಟಿಸಿದರು, ತೆಳು ತಂತಿ ಹಾಕಿದರು. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ಯ ಹೊತ್ತಿಗೆ ಶ್ರುತಿಯನ್ನೂ ಇಳಿಸಿದರು. ತಂತಿ ಸಡಿಲವಾದರೆ ಬೆರಳಿಗೆ ಆರಾಮ. ನೀವು ಗಲಾಟೆ ಅನ್ನುವ ಆ ದಪ್ಪ ಸದ್ದಿನ ಹಿಂದೆ ಗಾಯಗೊಂಡ ಒಂದು ಕೈ ಇದೆ. ಅದನ್ನು ನೆನಪಿಟ್ಟುಕೊಂಡು ಇನ್ನೊಮ್ಮೆ ಕೇಳಿ.

ಪ್ರಶ್ನೆ: ಮೆಟಾಲಿಕಾದ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ನಲ್ಲಿ ಬೇಸ್ ಕೇಳಿಸುವುದೇ ಇಲ್ಲ. ನನ್ನ ಸ್ಪೀಕರ್ ಕೆಟ್ಟಿದೆಯೇ?

ಉತ್ತರ: ಸ್ಪೀಕರ್ ಚೆನ್ನಾಗಿಯೇ ಇದೆ. 1988ರ ಆ ಆಲ್ಬಂನಲ್ಲಿ ವಾದ್ಯಗಳ ಸದ್ದು ಹೊಂದಿಸುವಾಗಲೇ, ಅಂದರೆ ಮಿಕ್ಸಿಂಗ್‌ನಲ್ಲೇ, ತಗ್ಗು ಸ್ವರದ ಗಿಟಾರ್ ಆದ ಬೇಸ್ ಅಡಗಿಹೋಗಿದೆ. ಎರಡು ವರ್ಷ ಮುಂಚೆ ತಂಡದ ಬೇಸ್ ವಾದಕ ಕ್ಲಿಫ್ ಬರ್ಟನ್ ಸ್ವೀಡನ್‌ನಲ್ಲಿ ಬಸ್ ಅಪಘಾತದಲ್ಲಿ ತೀರಿಕೊಂಡಿದ್ದರು. ಅವರ ಜಾಗಕ್ಕೆ ಬಂದ ಜೇಸನ್ ನ್ಯೂಸ್ಟೆಡ್‌ಗೆ ತಂಡದಲ್ಲಿ ಅದು ಮೊದಲ ಪೂರ್ಣ ಆಲ್ಬಂ. ಅದರಲ್ಲೇ ಅವರ ವಾದ್ಯ ಕೇಳಿಸದೆ ಹೋಯಿತು ಅನ್ನುವುದು ನನಗೆ ಇವತ್ತಿಗೂ ಸಂಕಟ.

ನಾನು ಅದನ್ನು ಮೊದಲು ಕೇಳಿದ್ದು ಮಾವನ ಮಗ ಕೊಟ್ಟ ಕ್ಯಾಸೆಟ್‌ನಲ್ಲಿ. ಟೇಪ್ ಸವೆದಿದೆ ಅಂದುಕೊಂಡು ಬಟ್ಟೆಗೆ ಸ್ಪಿರಿಟ್ ಹಚ್ಚಿ ಪ್ಲೇಯರ್‌ನ ಹೆಡ್ ಒರೆಸಿದ್ದೇ ಒರೆಸಿದ್ದು. ವರ್ಷಗಳಾದ ಮೇಲೆ ಅದೇ ಹಾಡುಗಳ 1989ರ ಸಿಯಾಟಲ್ ಕಾರ್ಯಕ್ರಮದ ರೆಕಾರ್ಡಿಂಗ್ ಸಿಕ್ಕಿತು. ‘ಬ್ಲ್ಯಾಕನ್ಡ್’ ಶುರುವಾದಾಗ ಎದ್ದು ಕೂತೆ. ಬೇಸ್ ಇತ್ತು! ಹಾಡಿಗೆ ಕೊನೆಗೂ ನೆಲ ಸಿಕ್ಕಂತಾಯಿತು. ಲೈವ್ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಇದೇ. ಸ್ಟುಡಿಯೋದಲ್ಲಿ ಕಳೆದುಹೋದದ್ದು ಕೆಲವೊಮ್ಮೆ ವೇದಿಕೆಯಲ್ಲಿ ಸಿಗುತ್ತದೆ.

ಪ್ರಶ್ನೆ: ಲೈವ್ ಆಲ್ಬಂಗಳನ್ನು ಆಮೇಲೆ ಸ್ಟುಡಿಯೋದಲ್ಲಿ ತಿದ್ದುತ್ತಾರಂತೆ. ಅದು ಮೋಸ ಅಲ್ವಾ?

ಉತ್ತರ: ಜೂಡಸ್ ಪ್ರೀಸ್ಟ್‌ನ 1979ರ ‘ಅನ್‌ಲೀಶ್ಡ್ ಇನ್ ದಿ ಈಸ್ಟ್’ ಬಗ್ಗೆ ಈ ಮಾತು ತುಂಬಾ ಬಂದಿದೆ. ಟೋಕಿಯೊದಲ್ಲಿ ರೆಕಾರ್ಡ್ ಆದ ಅದರ ಗಾಯನವನ್ನು ಸ್ಟುಡಿಯೋದಲ್ಲಿ ಮತ್ತೆ ಹಾಡಿದ್ದನ್ನು ತಂಡದ ಗಾಯಕ ರಾಬ್ ಹಾಲ್‌ಫರ್ಡ್ ಅವರೇ ಒಪ್ಪಿಕೊಂಡಿದ್ದಾರೆ. ಆ ಗಿಟಾರ್‌ಗಳು ಈಗಲೂ ಮೈ ಜುಂ ಅನ್ನಿಸುತ್ತವೆ, ಅದನ್ನು ನಾನು ಬಿಟ್ಟುಕೊಡಲಾರೆ. ಆದರೆ ಗಂಟಲು ಒಡೆದಿದ್ದರೆ ಒಡೆದ ಗಂಟಲೇ ಇರಲಿ ಅನ್ನುವವನು ನಾನು. ಆ ರಾತ್ರಿ ನಡೆದದ್ದು ಅದು, ಅದನ್ನೇ ಕೊಡಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲೆ ಐರನ್ ಮೇಡನ್‌ನ 1985ರ ‘ಲೈವ್ ಆಫ್ಟರ್ ಡೆತ್’. ಅದರ ಬಹುಪಾಲು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ರೆಕಾರ್ಡ್ ಆದದ್ದು. ಅದರಲ್ಲಿ ‘ರೈಮ್ ಆಫ್ ದಿ ಏನ್ಷಿಯಂಟ್ ಮ್ಯಾರಿನರ್’ ಹಾಡು 13 ನಿಮಿಷ ದಾಟುತ್ತದೆ. ನಡುವೆ ಡ್ರಮ್ಸ್ ನಿಂತು ಬೇಸ್ ಒಂದೇ ಮೆಲ್ಲಗೆ ನಡೆಯುತ್ತದೆ. ಅಷ್ಟು ದೊಡ್ಡ ಜನಸಾಗರವನ್ನು ಸಣ್ಣ ಸದ್ದಿನಿಂದ ಹಿಡಿದಿಡುವ ಆ ಕೆಲವು ನಿಮಿಷಗಳನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಪ್ರಶ್ನೆ: ಸ್ಲೇಯರ್‌ನ ‘ರೇನ್ ಇನ್ ಬ್ಲಡ್’ ಅರ್ಧ ಗಂಟೆಯೂ ಇಲ್ಲ. ಅದಕ್ಕೇಕೆ ಅಷ್ಟು ಹೆಸರು?

ಉತ್ತರ: ಅದಕ್ಕೇ! 10 ಹಾಡು, ಸುಮಾರು 29 ನಿಮಿಷ, ಒಂದು ಸೆಕೆಂಡೂ ವ್ಯರ್ಥವಿಲ್ಲ.

ಪ್ರಶ್ನೆ: ಮೊದಲ ಸಲ ಮೆಟಲ್ ಕಾರ್ಯಕ್ರಮಕ್ಕೆ ಹೋಗುತ್ತಿದ್ದೇನೆ. ಎಲ್ಲಿ ನಿಲ್ಲಲಿ?

ಉತ್ತರ: ಸೌಂಡ್ ಎಂಜಿನಿಯರ್ ಕೂರುವ ಮಿಕ್ಸಿಂಗ್ ಡೆಸ್ಕ್ ಹತ್ತಿರ ನಿಲ್ಲಿ. ಅವರ ಕಿವಿಗೆ ಸರಿಯಾಗಿ ಕೇಳುವಂತೆ ತಾನೇ ಅವರು ಸದ್ದು ಹೊಂದಿಸುವುದು? ನಾನೂ ಒಂದು ಸಲ ಉತ್ಸಾಹದಲ್ಲಿ ಎಡಗಡೆಯ ಸ್ಪೀಕರ್ ಗೋಡೆಗೆ ಅಂಟಿಕೊಂಡಂತೆ ನಿಂತಿದ್ದೆ. ಗಿಟಾರ್ ಸೋಲೋ ಒಂದೂ ಕಿವಿಗೆ ಬೀಳಲಿಲ್ಲ. ಬರೀ ಕಿಕ್ ಡ್ರಮ್, ಅದೂ ಅಂಗಿಯ ಗುಂಡಿಗಳು ಅದುರುವಷ್ಟು. ಮನೆಗೆ ಬಂದು ಫ್ಯಾನ್ ಆರಿಸಿದೆ, ಆದರೂ ಕೂಯ್ ಅನ್ನುವ ಸದ್ದು ನಿಲ್ಲಲಿಲ್ಲ. ಎಡಗಿವಿಯಲ್ಲಿ ಅದು ಎರಡು ದಿನ ಇತ್ತು. ಎಷ್ಟು ಹೆದರಿದ್ದೆನೆಂದರೆ, ಹಾಡು ಹಾಕಲೂ ಕೈ ಬರಲಿಲ್ಲ.

85 ಡೆಸಿಬಲ್ ಸದ್ದನ್ನು 8 ಗಂಟೆ ಕೇಳಿದರೆ ಕಿವಿ ತಡೆಯಬಲ್ಲದು ಅನ್ನುವುದು ತಜ್ಞರ ಲೆಕ್ಕ. ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧವಾಗುತ್ತದೆ. 100ಕ್ಕೆ ಬಂದರೆ ಉಳಿಯುವುದು 15 ನಿಮಿಷ. ಮೆಟಲ್ ವೇದಿಕೆಯ ಮುಂದೆ 100 ಜಾಸ್ತಿ ಏನಲ್ಲ. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್ ಸಿಗುತ್ತವೆ. ಅವು ಸದ್ದನ್ನು ತಗ್ಗಿಸುತ್ತವೆ, ಮಬ್ಬು ಮಾಡುವುದಿಲ್ಲ. ಮೊದಲ ಹಾಡಿಗೂ ಮುಂಚೆ ಹಾಕಿಕೊಳ್ಳಿ, ಕಿವಿ ನೋವಾದ ಮೇಲಲ್ಲ. ಹಾಕಿಕೊಂಡ ಮೇಲೆ ಬೇಸ್ ಎಷ್ಟು ಬಿಡಿಬಿಡಿಯಾಗಿ ಕೇಳಿತು ಅಂತ ನನಗೊಂದು ಪತ್ರ ಬರೆಯಿರಿ.