ಡಯಟ್ ಮಾಡುವಾಗ ಊಟಕ್ಕೆ ಕರೆದರೆ ಏನು ಮಾಡೋದು?

ಪ್ರಶ್ನೆ: ನನಗೆ 36 ವರ್ಷ. ನಾಲ್ಕು ತಿಂಗಳಿಂದ ಡಯಟ್ ಮಾಡುತ್ತಿದ್ದೇನೆ, 6 ಕೆಜಿ ಇಳಿದಿದೆ. ಮನೆಯಲ್ಲಿದ್ದಾಗ ಏನೂ ತೊಂದರೆ ಇಲ್ಲ. ಹೊರಗೆ ಊಟಕ್ಕೆ ಹೋದರೆ, ಇಲ್ಲ ಯಾರದ್ದಾದರೂ ಮನೆಗೆ ಹೋದರೆ ಎಲ್ಲಾ ಕೆಡುತ್ತದೆ. ಬೇಡ ಅಂದರೆ ‘ಒಂದು ದಿನ ತಿಂದರೆ ಏನಾಗುತ್ತೆ’ ಅಂತ ಒತ್ತಾಯ ಮಾಡುತ್ತಾರೆ. ತಿಂದರೆ ಮರುದಿನ ತೂಕ ಒಂದೂವರೆ ಕೆಜಿ ಏರಿರುತ್ತದೆ. ಕಳೆದ ತಿಂಗಳು ಆಪ್ತ ಗೆಳತಿಯ ಹುಟ್ಟುಹಬ್ಬಕ್ಕೂ ತಲೆನೋವು ಅಂತ ಸುಳ್ಳು ಹೇಳಿ ಹೋಗಲಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ತೂಕಕ್ಕಿಂತ ಜಾಸ್ತಿ ಕಾಡಿದ್ದು ಆ ತಲೆನೋವಿನ ಸುಳ್ಳು. ಅಷ್ಟು ಕಷ್ಟಪಟ್ಟು 6 ಕೆಜಿ ಇಳಿಸಿದವರು ಒಂದು ಊಟಕ್ಕೆ ಹೆದರಿ ಗೆಳತಿಯ ಕಣ್ಣು ತಪ್ಪಿಸುವ ಹಾಗಾಯ್ತಲ್ಲ, ಅದು ಬೇಡ. ಜನರನ್ನು ದೂರ ಮಾಡಿಕೊಂಡು ನಡೆಸುವ ಡಯಟ್ ಬಹಳ ದಿನ ಉಳಿಯುವುದೂ ಇಲ್ಲ. ಮುಂದಿನ ಸಲ ಕರೆದರೆ ಹೋಗಿ.

ಮೊದಲು ಆ ಒಂದೂವರೆ ಕೆಜಿಯ ಲೆಕ್ಕ ನೋಡೋಣ, ಯಾಕೆಂದರೆ ಹೆದರಿಕೆಯ ಬೇರು ಅಲ್ಲೇ ಇದೆ. ಮೈಯಲ್ಲಿ ಒಂದು ಕೆಜಿ ಕೊಬ್ಬು ಕೂಡಬೇಕಾದರೆ ದೇಹಕ್ಕೆ ಬೇಕಾದ್ದಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚಿಗೆ ತಿನ್ನಬೇಕು. ಒಂದೂವರೆ ಕೆಜಿಗೆ 11,500ಕ್ಕೂ ಮೇಲೆ. ಒಂದು ರಾತ್ರಿಯ ಊಟದಲ್ಲಿ ಅದು ಆಗುವ ಮಾತಲ್ಲ. ನಿಮಗೆ ಕಂಡದ್ದು ಬಹುಪಾಲು ನೀರು. ಹೊರಗಿನ ಅಡುಗೆಯಲ್ಲಿ ಸಾಮಾನ್ಯವಾಗಿ ಉಪ್ಪು ಜಾಸ್ತಿ ಇರುತ್ತದೆ, ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಿಷ್ಟ, ಸಕ್ಕರೆ ಜಾಸ್ತಿ ತಿಂದಾಗ ದೇಹ ಅದರಲ್ಲಿ ಒಂದಿಷ್ಟನ್ನು ಗ್ಲೈಕೋಜನ್ ಮಾಡಿ ಲಿವರ್‌ನಲ್ಲಿ, ಸ್ನಾಯುಗಳಲ್ಲಿ ಕೂಡಿಡುತ್ತದೆ, ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರೂ ಸೇರಿಕೊಳ್ಳುತ್ತದೆ. ಡಯಟ್‌ನಲ್ಲಿದ್ದವರಿಗೆ ಆ ದಾಸ್ತಾನು ಮೊದಲೇ ಕಡಿಮೆ, ಅದಕ್ಕೇ ಏರಿಕೆ ಎದ್ದು ಕಾಣುತ್ತದೆ. ಎಂದಿನ ಊಟಕ್ಕೆ ಮರಳಿದರೆ ಕೆಲವೇ ದಿನದಲ್ಲಿ ಇದು ಇಳಿಯುತ್ತದೆ. ಹೊರಗೆ ಉಂಡ ಮರುದಿನ ತೂಕ ನೋಡಲೇಬೇಡಿ.

ನನ್ನ ಅನುಭವದಲ್ಲಿ ನಿಜವಾದ ಹಾನಿ ಆಗುವುದು ಆ ಊಟದ ಹಿಂದೆ ಮುಂದೆ. ರಾತ್ರಿ ಪಾರ್ಟಿ ಇದೆ ಅಂತ ಬೆಳಗ್ಗೆಯಿಂದ ಉಪವಾಸ ಇರುತ್ತಾರೆ. ಹಸಿದ ಹೊಟ್ಟೆಯಲ್ಲಿ ಹೋಗಿ ಕೂತರೆ ಮೊದಲು ಕೈಗೆ ಸಿಗುವುದು ಕರಿದ ತಿಂಡಿ. ಇನ್ನು ಕೆಲವರು ಅಲ್ಲಿ ಏನೂ ಮುಟ್ಟದೆ ಬರುತ್ತಾರೆ. ನನ್ನ ಹತ್ತಿರ ಬರುತ್ತಿದ್ದ ಒಬ್ಬರು ಹೀಗೇ ಪಾರ್ಟಿಯಲ್ಲಿ ಮೂರು ಗಂಟೆ ಬರೀ ನೀರು ಕುಡಿದು, ಎಲ್ಲರಿಂದ ಭೇಷ್ ಅನ್ನಿಸಿಕೊಂಡು ಮನೆಗೆ ಬಂದರು. ರಾತ್ರಿ ಹನ್ನೊಂದೂವರೆಗೆ ಲೈಟ್ ಕೂಡ ಹಾಕದೆ, ಫ್ರಿಜ್‌ನ ಬಾಗಿಲು ತೆರೆದಿಟ್ಟುಕೊಂಡು, ಅದರ ಬೆಳಕಿನಲ್ಲೇ ನಿಂತು ಬ್ರೆಡ್ಡಿಗೆ ಜಾಮ್ ಹಚ್ಚಿ ಹಚ್ಚಿ ತಿಂದರಂತೆ. ಎಷ್ಟು ತಿಂದೆ ಅನ್ನುವುದು ಪ್ಯಾಕೆಟ್ ಖಾಲಿ ಆದಾಗಲೇ ಗೊತ್ತಾಗಿದ್ದು. ಇದನ್ನು ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಪಾರ್ಟಿಯಲ್ಲೇ ಒಂದು ತಟ್ಟೆ ಊಟ ನೆಮ್ಮದಿಯಾಗಿ ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು, ಅಲ್ವಾ?

ಇನ್ನೊಂದು ಅಪಾಯ ‘ಹೇಗೂ ಕೆಟ್ಟಿತು, ಇನ್ನೇನು’ ಅನ್ನುವ ಯೋಚನೆ. 1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಎಂಬ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಎಷ್ಟು ಬೇಕಾದರೂ ಐಸ್‌ಕ್ರೀಮ್ ತಿನ್ನಿ ಅಂದರು. ಊಟದ ಮೇಲೆ ಹಿಡಿತ ಇಟ್ಟುಕೊಳ್ಳದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮ್ ಕಡಿಮೆ ತಿಂದರು. ಸದಾ ಹಿಡಿತದಲ್ಲಿರುವವರು ಕುಡಿದ ಮೇಲೆ ಇನ್ನೂ ಜಾಸ್ತಿ ತಿಂದರು. ಒಂದು ತಪ್ಪಾಯಿತು ಅಂದಾಕ್ಷಣ ಇವತ್ತಿನ ದಿನವೇ ಹಾಳು ಅಂತ ಮನಸ್ಸು ಕೈಬಿಡುತ್ತದೆ. ಅದಕ್ಕೇ ಹೇಳುವುದು, ಒಂದು ಸಿಹಿ ತಿಂದರೆ ಅದು ಒಂದು ಸಿಹಿ ಅಷ್ಟೇ. ಮರುದಿನ ಶಿಕ್ಷೆಯ ಉಪವಾಸವೂ ಬೇಡ, ಎರಡು ಗಂಟೆ ಜಾಸ್ತಿ ಓಡುವುದೂ ಬೇಡ. ಎಂದಿನ ಬೆಳಗಿನ ತಿಂಡಿ ತಿನ್ನಿ.

ಈಗ ಒತ್ತಾಯದ ಮಾತು. ‘ಡಯಟ್’ ಅನ್ನುವ ಪದವನ್ನೇ ಊಟದ ಮೇಜಿನ ಮೇಲೆ ತರಬೇಡಿ. ಆ ಪದ ಬಂದ ಕೂಡಲೇ ಚರ್ಚೆ ಶುರು, ನೀನೇನು ಅಷ್ಟು ದಪ್ಪ ಇದ್ದೀಯಾ, ಇಷ್ಟರಿಂದ ಏನಾಗುತ್ತೆ, ನನ್ನ ಪರಿಚಯದವರೊಬ್ಬರು ಹೀಗೇ ಮಾಡಿ ಸುಸ್ತಾದರು ಅಂತ. ಕಾರಣ ಕೊಟ್ಟಷ್ಟೂ ಎದುರಿನವರು ಅದಕ್ಕೊಂದು ಉತ್ತರ ಹುಡುಕುತ್ತಾರೆ. ಸುಮ್ನೆ ‘ತುಂಬಾ ಚೆನ್ನಾಗಿದೆ, ನನಗೆ ಸಾಕು’ ಅನ್ನಿ. ಮತ್ತೆ ಕೇಳಿದರೆ ಅದೇ ಮಾತು, ಅದೇ ದನಿ, ಅದೇ ನಗು. ಮೂರನೇ ಸಲವೂ ಅಷ್ಟೇ. ಹೆಚ್ಚಿನವರು ಅಲ್ಲಿಗೆ ಬಿಡುತ್ತಾರೆ. ಮನಸ್ಸಿಗೂ ಮಾತಿಗೂ ನಂಟಿದೆ. ‘ನಾನು ತಿನ್ನೋ ಹಾಗಿಲ್ಲ’ ಅಂದರೆ ಯಾರೋ ಕಟ್ಟಿಹಾಕಿದ ಹಾಗೆ, ‘ನಾನು ತಿನ್ನಲ್ಲ’ ಅಂದರೆ ನಿಮ್ಮದೇ ನಿರ್ಧಾರ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲೂ ಎರಡನೆಯ ಥರ ಹೇಳಿಕೊಂಡವರಿಗೆ ಆಸೆಯನ್ನು ತಡೆಯುವುದು ಸುಲಭವಾಗಿತ್ತು.

ತಟ್ಟೆ ಪೂರ್ತಿ ಖಾಲಿ ಮಾಡಬೇಡಿ, ಖಾಲಿ ತಟ್ಟೆ ಕಂಡರೆ ಬಡಿಸುವವರ ಕೈ ನಿಲ್ಲುವುದಿಲ್ಲ. ಇಷ್ಟವಾದ ಒಂದು ಪದಾರ್ಥ ಸ್ವಲ್ಪ ಉಳಿಸಿಕೊಂಡು ನಿಧಾನವಾಗಿ ತಿನ್ನುತ್ತಿರಿ. ಅಡುಗೆ ಮಾಡಿದವರಿಗೆ ಬೇಕಾಗಿರುವುದು ತಮ್ಮ ಶ್ರಮ ಯಾರಾದರೂ ಗಮನಿಸಲಿ ಅನ್ನುವುದು. ಅದನ್ನು ಎರಡನೇ ಸಲ ಹಾಕಿಸಿಕೊಂಡೇ ತೋರಿಸಬೇಕಿಲ್ಲ, ಇದನ್ನು ಹೇಗೆ ಮಾಡಿದ್ರಿ ಅಂತ ಪಕ್ಕದಲ್ಲಿ ಕೂತು ಕೇಳಿದರೂ ಅವರ ಮುಖ ಅರಳುತ್ತದೆ. ಆ ಆಪ್ತ ಗೆಳತಿಗೆ ಮಾತ್ರ ನಿಜ ಹೇಳಿಬಿಡಿ, ಮೊದಲೇ, ಫೋನಿನಲ್ಲಿ. ಅವರೇ ನಿಮ್ಮ ಪರ ನಿಲ್ಲುತ್ತಾರೆ.

ಹೋಟೆಲ್ ಸುಲಭ, ಅಲ್ಲಿ ಯಾರೂ ಒತ್ತಾಯ ಮಾಡಲ್ಲ. ಹೊರಡುವ ಮುಂಚೆ ಒಂದು ಹಣ್ಣೋ ಮೊಟ್ಟೆಯೋ ತಿಂದು ಹೋಗಿ. ಮೆನು ಮೊದಲೇ ನೋಡಿಟ್ಟು ಎಲ್ಲರಿಗಿಂತ ಮುಂಚೆ ಆರ್ಡರ್ ಮಾಡಿ, ಇಲ್ಲದಿದ್ದರೆ ಪಕ್ಕದವರು ಹೇಳಿದ್ದೇ ನಿಮ್ಮ ಬಾಯಿಂದಲೂ ಬರುತ್ತದೆ. ಎಣ್ಣೆಯ ಮೇಲೆ ಕಣ್ಣಿರಲಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದೆ. ತರಕಾರಿ ಅಂತ ತರಿಸಿದ್ದನ್ನು ತಿಂದ ಮೇಲೆ ತಟ್ಟೆಯನ್ನು ಒಂದು ಕಡೆಗೆ ಓರೆ ಮಾಡಿ ನೋಡಿ, ಅಂಚಿನಲ್ಲಿ ಎಣ್ಣೆ ಹರಿದು ನಿಂತರೆ ಅದು ತರಕಾರಿಯ ಲೆಕ್ಕದಲ್ಲಿ ಮಾತ್ರ ಬರಲ್ಲ. ಸಾಸು, ಡ್ರೆಸಿಂಗ್ ಬೇರೆ ಕೊಡಿ ಅಂತ ಕೇಳಿ. ಪ್ರಮಾಣ ದೊಡ್ಡದಿದ್ದರೆ ಅರ್ಧ ಕಟ್ಟಿಸಿಬಿಡಿ, ತಿನ್ನಲು ಶುರು ಮಾಡುವ ಮುಂಚೆಯೇ.

ಒಂದು ಮಾತು. ವಾರಕ್ಕೆ ಮೂರು ಹೊತ್ತಿನಂತೆ 21 ಊಟ, ಅದರಲ್ಲಿ ಒಂದೆರಡು ಹೊರಗಾದರೆ ಮೇಲೆ ಹೇಳಿದ್ದು ಸಾಕು. ಆರೇಳು ಹೊರಗೇ ಆಗುತ್ತಿದ್ದರೆ ಅದು ವಿಶೇಷ ಸಂದರ್ಭವೇ ಅಲ್ಲ, ನಿಮ್ಮ ದಿನನಿತ್ಯದ ಊಟ. ಆಗ ಅಲ್ಲೂ ಮನೆಯ ಹಾಗೇ ಅಳತೆ ಇಟ್ಟುಕೊಳ್ಳಬೇಕು.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ತಗೊಳ್ತೇನೆ. ಆಫೀಸ್ ಪಾರ್ಟಿಗಳಲ್ಲಿ ಎರಡು ಪೆಗ್ ಕುಡಿದು, ಕ್ಯಾಲೊರಿ ಸರಿದೂಗಿಸಲು ಊಟ ಬಿಡುತ್ತೇನೆ. ಸರಿಯಾ?

ಉತ್ತರ: ಖಂಡಿತ ಸರಿಯಲ್ಲ, ದಯವಿಟ್ಟು ನಿಲ್ಲಿಸಿ. ರಕ್ತದಲ್ಲಿ ಸಕ್ಕರೆ ಇಳಿದಾಗ ಲಿವರ್ ತನ್ನಲ್ಲಿರುವ ಸಕ್ಕರೆ ಬಿಟ್ಟು ಸರಿಮಾಡುತ್ತದೆ. ಮದ್ಯ ಆ ಕೆಲಸಕ್ಕೆ ಅಡ್ಡ ಬರುತ್ತದೆ. ಇನ್ಸುಲಿನ್ ಮೈಯಲ್ಲಿದ್ದು ಹೊಟ್ಟೆ ಖಾಲಿ ಇದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು, ಎಷ್ಟೋ ಗಂಟೆ ಕಳೆದು ನಿದ್ದೆಯಲ್ಲೂ ಇಳಿಯಬಹುದು. ಬೆವರು, ನಡುಕ, ತೊದಲು ಮಾತು ನೋಡಿ ಸುತ್ತಲಿನವರು ಕುಡಿದದ್ದು ಜಾಸ್ತಿ ಆಯ್ತು ಅಂದುಕೊಂಡು ಮಲಗಿಸಿಬಿಡುತ್ತಾರೆ. ಜೊತೆಯಲ್ಲಿರುವ ಒಬ್ಬರಿಗಾದರೂ ವಿಷಯ ಗೊತ್ತಿರಲಿ. ಕುಡಿಯಬಹುದಾ, ಎಷ್ಟು ಅನ್ನುವುದನ್ನು ನಿಮ್ಮ ಡಾಕ್ಟರ್ ಹತ್ತಿರ ಈ ವಾರವೇ ಮಾತಾಡಿ.

ಪ್ರಶ್ನೆ: ನನ್ನ ತಂಗಿ ಡಯಟ್‌ನಲ್ಲಿದ್ದಾಳೆ. ಮುಂದಿನ ವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಾಳೆ. ನಾನೇನು ಮಾಡಬೇಕು?

ಉತ್ತರ: ಹೀಗೆ ಕೇಳಿದ್ದಕ್ಕೇ ಖುಷಿಯಾಯಿತು. ಅವಳಿಗಾಗಿ ಬೇರೆ ಅಡುಗೆ ಮಾಡಬೇಡಿ, ಎಲ್ಲರ ಎದುರು ಅವಳೊಬ್ಬಳೇ ರೋಗಿಯ ಹಾಗೆ ಕಾಣಬಾರದು. ಎಲ್ಲರೂ ತಿನ್ನುವ ಒಂದು ತರಕಾರಿ ಪದಾರ್ಥವನ್ನು ಕಡಿಮೆ ಎಣ್ಣೆಯಲ್ಲಿ ಮಾಡಿ. ಪಾತ್ರೆಗಳನ್ನು ಮೇಜಿನ ಮೇಲಿಟ್ಟು, ಸೌಟು ಅವಳ ಕೈಗೇ ಬಿಡಿ.